ಗುಡಿ ಇಲ್ಲದ ದೇವರು ಮನೆಗೆ ಬಂದಾಗ: ಜೋಕುಮಾರ, ಮಳೆ ಮತ್ತು ನಮ್ಮಕ್ಕ

ಬಸ್ಸಿನ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿರೋರಿಗೆ, ಟ್ರ್ಯಾಕ್ಟರ್ ಮೇಲೆ ಫೋನ್ ಜೋರಾಗಿ ಇಟ್ಕೊಂಡಿರೋ ನಮ್ಮ ಕುಷ್ಟಗಿ ಕಡೆ ಹುಡುಗರಿಗೆ, ಎಲ್ಲರಿಗೂ ಈ ವಾರದ ಕಂತಿಗೆ ಸ್ವಾಗತ.

ಬೆಳೆನೂ ಕೊಡೋ, ಮಕ್ಕಳನ್ನೂ ಕೊಡೋ ಒಬ್ಬ ಹಳೇ ದೇವರ ದರ್ಶನ ಮಾಡಿಸ್ತೀನಿ ಅಂತ ಹೋದ ವಾರ ಹೇಳಿದ್ದೆ. ತುಂಬಾ ಜನ ಮೆಸೇಜ್ ಹಾಕಿದ್ರಿ. ಅರ್ಧಕ್ಕರ್ಧ ಜನ ಹುಲಿಗಿ ಅಂದ್ರಿ. ಸರಿ, ಹುಲಿಗೆಮ್ಮನ ಹತ್ರ ಹುಣ್ಣಿಮೆಗೆ ಹರಕೆ ಹೊತ್ತು ಹೋಗೋರ ಸಾಲು ನಾನೂ ನೋಡಿದ್ದೀನಿ. ಆದ್ರೆ ನಾನು ಹೇಳ್ತಿರೋ ದೇವರಿಗೆ ಗುಡಿ ಇಲ್ಲ, ಗೋಪುರ ಇಲ್ಲ, ಟ್ರಸ್ಟ್ ಇಲ್ಲ, ಪಾರ್ಕಿಂಗ್ ಇಲ್ಲ. ಇರೋದು ಒಂದು ಬಿದಿರಿನ ಬುಟ್ಟಿ. ನಾವು ದರ್ಶನಕ್ಕೆ ಹೋಗೋದಲ್ಲ, ಅವನೇ ನಮ್ಮ ಮನೆ ಬಾಗಿಲಿಗೆ ಬರ್ತಾನೆ. ವರ್ಷಕ್ಕೆ ಏಳೇ ದಿನ ಬದುಕ್ತಾನೆ. ಆಮೇಲೆ ಅವನನ್ನ ಕೊಂದುಬಿಡ್ತಾರೆ.

ಹೌದು, ಜೋಕುಮಾರ. ಜೋಕುಮಾರಸ್ವಾಮಿ ಅಂತಲೂ ಕರೀತಾರೆ.

ಬೆಂಗಳೂರಲ್ಲಿ ಬೆಳೆದವರಿಗೆ ಹೆಸರು ಹೊಸದಿರಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಅಜ್ಜಿ ನೆನಪಾಗಿರ್ತಾಳೆ. ಮೊದಲು ಕ್ಯಾಲೆಂಡರ್ ಹೇಳ್ತೀನಿ. ಭಾದ್ರಪದ ಚೌತಿಗೆ ಗಣಪ್ಪ ಬರ್ತಾನೆ. ಡಿಜೆ, ಪೆಂಡಾಲ್, ಮೋದಕ ಎಲ್ಲ ಆಗುತ್ತೆ. ಅದಾದ ನಾಲ್ಕು ದಿನಕ್ಕೆ, ಅಷ್ಟಮಿ ದಿನ, ಸದ್ದಿಲ್ಲದೆ ಜೋಕುಮಾರ ಹುಟ್ತಾನೆ. ಹಸಿ ಮಣ್ಣಿನ ಮೂರ್ತಿ. ಅಗಲ ಮುಖ, ದೊಡ್ಡ ಕಣ್ಣು, ಮೀಸೆ, ತೆರೆದ ಬಾಯಿ. ಮತ್ತೆ, ನೇರವಾಗಿ ಹೇಳ್ತೀನಿ, ಎದ್ದು ಕಾಣೋ ಹಾಗೆ ಮಾಡಿರೋ ಗಂಡಸಿನ ಜನನಾಂಗ. ಬುಟ್ಟಿ ತುಂಬ ಬೇವಿನ ಸೊಪ್ಪು, ಅದರ ನಡುವೆ ಅವನು. ಬಾಯಿಗೆ ಬೆಣ್ಣೆ ಸವರಿರ್ತಾರೆ. ಸಾಮಾನ್ಯವಾಗಿ ಅಂಬಿಗರ, ಬಾರಕೇರರ ಮನೆ ಹೆಣ್ಣುಮಕ್ಕಳು, ಕೆಲವು ಊರುಗಳಲ್ಲಿ ಸುಣಗಾರರು, ತಳವಾರರು ಅವನನ್ನ ತಲೆ ಮೇಲೆ ಹೊತ್ಕೊಂಡು ಮನೆಮನೆಗೆ ಹೋಗ್ತಾರೆ. ಬುಟ್ಟಿ ಅಂಗಳದಲ್ಲಿ ಇಳಿಸಿ ಸುತ್ತ ಕೂತು ಹಾಡ್ತಾರೆ.

ಈಗ ಅವನು ಯಾಕೆ ಬರ್ತಾನೆ ಅನ್ನೋ ಕಥೆ. ನಮ್ಮ ಕಡೆ ಹೇಳೋದು ಹೀಗೆ. ಗಣಪ್ಪ ಭೂಮಿಗೆ ಬರ್ತಾನೆ. ಜನ ಅವನಿಗೆ ಕಡುಬು, ಹೋಳಿಗೆ, ಉಂಡಿ ಎಲ್ಲ ಮಾಡಿ ಉಣ್ಣಿಸ್ತಾರೆ. ಹೊಟ್ಟೆ ತುಂಬ ಉಂಡು ವಾಪಸ್ ಹೋಗಿ ಶಿವನ ಹತ್ರ ಹೇಳ್ತಾನೆ: ಭೂಮಿ ಮೇಲೆ ಎಲ್ಲ ಚೆನ್ನಾಗಿದೆ, ಜನ ಸುಖವಾಗಿದ್ದಾರೆ. ಅವನ ಬೆನ್ನಿಗೇ ಜೋಕುಮಾರ ಬರ್ತಾನೆ. ಇವನಿಗೆ ಯಾರೂ ಕಡುಬು ಕೊಡಲ್ಲ. ನುಚ್ಚು, ಅಂಬಲಿ, ಒಂದಿಷ್ಟು ಬೆಣ್ಣೆ. ಇವನು ಕೇರಿಕೇರಿ ತಿರುಗ್ತಾನೆ. ಬಿರುಕು ಬಿಟ್ಟ ಹೊಲ ನೋಡ್ತಾನೆ, ಒಣಗಿದ ಸಜ್ಜೆ ನೋಡ್ತಾನೆ, ಖಾಲಿ ಹಗೇವು ನೋಡ್ತಾನೆ. ಹೋಗಿ ಹೇಳ್ತಾನೆ: ಅಲ್ಲಿ ಮಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ. ಆಗ ಮಳೆ ಬರುತ್ತೆ.

ಸುದ್ದಿ ವೆಬ್‌ಸೈಟಿಗೆ ಪಾಡ್‌ಕಾಸ್ಟ್ ಮಾಡೋ ನನಗೆ ಈ ಕಥೆ ಯಾಕೆ ಇಷ್ಟ ಅಂತ ಬಿಡಿಸಿ ಹೇಳಬೇಕಾ? ಒಬ್ಬ ವೇದಿಕೆ ಮೇಲೆ ಸನ್ಮಾನ ಮಾಡಿಸ್ಕೊಂಡು ಹೋಗಿ ಎಲ್ಲ ಸರಿಯಿದೆ ಅಂತ ರಿಪೋರ್ಟ್ ಕೊಟ್ಟ. ಇನ್ನೊಬ್ಬ ಬೀದಿ ಸುತ್ತಿ ನಿಜ ಹೇಳಿದ. ಗಣಪ್ಪನ ಮೇಲೆ ಯಾರಿಗೂ ಸಿಟ್ಟಿಲ್ಲ, ಅವನನ್ನ ಪ್ರೀತಿಯಿಂದಲೇ ಕಳಿಸ್ತೀವಿ. ಆದ್ರೆ ಉಂಡು ಹೋದವನ ಮಾತಷ್ಟೇ ನಂಬಬಾರದು ಅಂತ ನಮ್ಮ ಹಳ್ಳಿಯವರು ಒಂದು ಹಬ್ಬವನ್ನೇ ಮಾಡಿಟ್ಟಿದ್ದಾರೆ.

ಹೋದ ವರ್ಷ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದು ಇಡೀ ದಿನ ಈ ಬುಟ್ಟಿಯ ಹಿಂದೆ ನಡೆದೆ. ಮೂರು ಜನ ಹೆಂಗಸರು. ಹಿರಿಯಾಕೆ ಬುಟ್ಟಿ ಹೊತ್ತಿದ್ರು, ಇಬ್ಬರು ಸೊಲ್ಲಿಗೆ ಸೊಲ್ಲು ಸೇರಿಸ್ತಿದ್ರು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದವರು ಮಧ್ಯಾಹ್ನದವರೆಗೆ ನೀರು ಕುಡಿಯೋಕೆ ಬಿಟ್ಟು ಬೇರೆ ಯಾವುದಕ್ಕೂ ನಿಲ್ಲಲಿಲ್ಲ. ನಾನು ಓದಿದ್ದು ಬಿಕಾಂ, ಹಾಗಾಗಿ ನನ್ನ ಕಣ್ಣು ಮೊದಲು ಲೆಕ್ಕದ ಮೇಲೆ ಹೋಯ್ತು. ಮನೆಯವರು ಮರದಲ್ಲಿ ಜೋಳ, ಸಜ್ಜೆ, ಮೆಣಸಿನಕಾಯಿ, ಉಪ್ಪು, ಕೆಲವರು ಎಣ್ಣೆ, ಬೆಣ್ಣೆ ತಂದು ಹಾಕ್ತಾರೆ. ಮರ ಖಾಲಿ ವಾಪಸ್ ಹೋಗಲ್ಲ. ಅದರಲ್ಲಿ ನಾಲ್ಕು ಎಸಳು ಬೇವಿನ ಸೊಪ್ಪು, ಒಂದು ಹಿಡಿ ನುಚ್ಚು ಹಾಕಿ ಕೊಡ್ತಾರೆ. ಆ ನುಚ್ಚನ್ನ ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಬೇವನ್ನ ಕಾಳಿನ ಚೀಲದಲ್ಲಿ ಇಡ್ತಾರೆ. ಬೇವಿನೆಲೆ ಹುಳ ಬರದ ಹಾಗೆ ತಡೆಯುತ್ತೆ ಅಂತ ನಮ್ಮ ಮನೆಗಳಲ್ಲಿ ಕಾಳಿನ ಜೊತೆ ಅದನ್ನ ಮೊದಲಿಂದ ಇಡೋದು ನಿಮಗೂ ಗೊತ್ತು. ಹೊಲ ಇಲ್ಲದ ಮನೆಯ ಹೆಂಗಸು, ಹೊಲ ಇರೋ ಮನೆಗೆ ಬೆಳೆಯ ಆಶೀರ್ವಾದ ಕೊಡ್ತಾಳೆ. ಈ ಏಳು ದಿನ ಊರಿನ ದೊಡ್ಡ ಮನೆಯವರೂ ಆಕೆಯ ಬುಟ್ಟಿ ಮುಂದೆ ಕೈ ಮುಗಿದು ನಿಲ್ಲಬೇಕು.

ಟೈಮಿಂಗ್ ನೋಡಿ. ಜೋಕುಮಾರ ಬರೋದು ಹುಬ್ಬಿ ಮಳೆ, ಉತ್ತರಿ ಮಳೆ ಆಸುಪಾಸಲ್ಲಿ. ಸಜ್ಜೆ ತೆನೆ ಕಟ್ಟಿರುತ್ತೆ, ಹಿಂಗಾರಿ ಜೋಳಕ್ಕೆ ಎರೆ ಹೊಲ ಹದಾ ಆಗ್ಬೇಕು. ಕುಷ್ಟಗಿ, ಯಲಬುರ್ಗಾದಲ್ಲಿ ಹೆಚ್ಚಿನ ಒಕ್ಕಲುತನ ಮಳೆ ನಂಬಿದ್ದು. ಈ ಒಂದೆರಡು ವಾರದ ಮಳೆ ತಪ್ಪಿದ್ರೆ ಮುಂಗಾರಿಯ ಫಸಲೂ ಅರ್ಧ, ಹಿಂಗಾರಿಯ ಬಿತ್ತನೆಯೂ ಅನುಮಾನ. ಎರಡು ಹಂಗಾಮಿನ ನಡುವಿನ ಸಂದಿಯಲ್ಲಿ ಸರಿಯಾಗಿ ಒಬ್ಬ ಮಳೆ ದೇವರನ್ನ ಇಟ್ಟಿದ್ದಾರೆ.

"ಗಂಗಾವತಿಯವರಿಗೆ ಇವನು ಬೇಕಿಲ್ಲ ಬಿಡ್ರಿ, ಅವರಿಗೆ ಕಾಲುವಿ ಐತಿ" ಅಂತ ಬುಟ್ಟಿ ಹೊತ್ತಾಕೆ ನಕ್ಕರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗೀತು, ಎಡದಂಡೆ ಕಾಲುವೆಯ ನೀರಲ್ಲಿ ಗಂಗಾವತಿ ಭತ್ತದ ಕಣಜ ಆಯ್ತು. ಒಂದೇ ಜಿಲ್ಲೆಯೊಳಗೆ ಒಂದು ಕಡೆ ಎರಡು ಬೆಳೆ ಭತ್ತ, ಇನ್ನೊಂದು ಕಡೆ ಮೋಡ ನೋಡ್ತಾ ಕೂರೋ ಸಜ್ಜೆ. ಆದ್ರೆ 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ವಾ? ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೇದರ ಚೈನ್ ಕಿತ್ತು ಗೇಟೇ ಕೊಚ್ಚಿ ಹೋಯ್ತು. ತುಂಬಿದ್ದ ಡ್ಯಾಮಿನ ನೀರು ಕಣ್ಣೆದುರೇ ನದಿಗೆ ಹರೀತು. ಒಂದು ವಾರದ ಹೊತ್ತಿಗೆ ಸ್ಟಾಪ್‌ಲಾಗ್ ಗೇಟ್ ಕೂರಿಸಿದ್ರು, ಮೇಲ್ಗಡೆ ಮತ್ತೆ ಮಳೆ ಆಯ್ತು, ಡ್ಯಾಮ್ ತುಂಬಿತು. ಆ ವಾರ ಗಂಗಾವತಿಯ ನನ್ನ ಫ್ರೆಂಡ್ ಒಬ್ಬ ರಾತ್ರಿ ಹನ್ನೆರಡಕ್ಕೆ ನೀರಿನ ಮಟ್ಟದ ಸ್ಕ್ರೀನ್‌ಶಾಟ್ ಕಳಿಸ್ತಿದ್ದ. ನಾಟಿ ಮಾಡಿ ಆಗಿತ್ತು, ಸಾಲ ತೆಗೆದು ಆಗಿತ್ತು. ಕಾಲುವೆ ಇರೋರಿಗೂ ಮಳೆಯೇ ಗತಿ. ಅವರ ಮಳೆ ಮಲೆನಾಡಲ್ಲಿ ಬೀಳುತ್ತೆ, ಅಷ್ಟೇ ವ್ಯತ್ಯಾಸ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಜಪಾನಿನ ಐಚಿ ಪ್ರಾಂತ್ಯದಲ್ಲಿ ಕೊಮಾಕಿ ಅಂತ ಒಂದು ಊರು. ಅಲ್ಲಿ ತಗತ ಅನ್ನೋ ಹಳೇ ಶಿಂಟೋ ದೇಗುಲ ಇದೆ. ಪ್ರತಿ ವರ್ಷ ಮಾರ್ಚ್ 15ಕ್ಕೆ ಅಲ್ಲಿ ಹೊನೆನ್ ಹಬ್ಬ. ಹೊನೆನ್ ಅಂದ್ರೆ ಸುಗ್ಗಿ ಚೆನ್ನಾಗಿ ಆದ ವರ್ಷ. ಸುಮಾರು ಎರಡೂವರೆ ಮೀಟರ್ ಉದ್ದದ ಮರದ ಪುರುಷಾಂಗವನ್ನ ಪ್ರತಿ ವರ್ಷ ಹೊಸದಾಗಿ ಕೆತ್ತಿ, 42 ವರ್ಷದ ಗಂಡಸರು ಹೊತ್ತು ಮೆರವಣಿಗೆ ಮಾಡ್ತಾರೆ. ಅಲ್ಲಿ 42 ಗಂಡಸರಿಗೆ ಕೇಡಿನ ವಯಸ್ಸು ಅನ್ನೋ ನಂಬಿಕೆ. ಹೊಲ ಬೆಳೀಲಿ, ಮನೆಯಲ್ಲಿ ಮಗು ಆಗ್ಲಿ, ಎರಡಕ್ಕೂ ಒಂದೇ ಪ್ರಾರ್ಥನೆ. ಈ ಹಬ್ಬದ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ, ಕೆಳಗೆ ನಗೋ ಎಮೋಜಿ ಸಾಲು. ಪ್ರವಾಸಿಗರು ಕ್ಯಾಮೆರಾ ಹಿಡಿದು ಹೋಗ್ತಾರೆ.

ಅದೇ ದೇವರು, ಅದೇ ಬೇಡಿಕೆ ನಮ್ಮ ಅಂಗಳಕ್ಕೆ ಬಂದಾಗ ನಮ್ಮ ಕಾಲದವರು ಏನು ಮಾಡ್ತೀವಿ? ನಾನು ನಡೆದ ಆ ಊರಲ್ಲಿ ಹೊಸ ಆರ್‌ಸಿಸಿ ಮನೆಗಳ ಗೇಟು ಹಾಕಿತ್ತು. ಒಂದು ಮನೆಯಲ್ಲಿ ಕಾಲೇಜು ಹುಡುಗಿ ಅಮ್ಮನಿಗೆ "ಬ್ಯಾಡಮ್ಮ, ಅಸಹ್ಯ ಹಾಡು ಹಾಡ್ತಾರ" ಅಂದಳು. ಆಕೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಈ ಹಾಡುಗಳಲ್ಲಿ ತುಂಟತನ ಇದೆ, ಮೈಯ ಮಾತಿದೆ. ಹೆಂಗಸರೇ ಹೆಂಗಸರ ಮುಂದೆ, ತಲೆ ಎತ್ತಿ, ನಗ್ತಾ ಹಾಡೋದು. ಗಂಡು ಹೇಗಿರ್ತಾನೆ, ಆಸೆ ಹೇಗಿರುತ್ತೆ, ಮಗು ಹೇಗಾಗುತ್ತೆ ಅನ್ನೋದರ ಬಗ್ಗೆ ಬಾಗಿಲು ತೆಗೆದು ಮಾತಾಡೋಕೆ ಆ ಕಾಲದ ಹೆಣ್ಣುಮಕ್ಕಳಿಗೆ ವರ್ಷದಲ್ಲಿ ಸಿಗ್ತಿದ್ದ ಏಳು ದಿನ ಅದು.

ಈಗ ಅಕ್ಕನ ವಿಷಯಕ್ಕೆ ಬರ್ತೀನಿ. ಅಕ್ಕ, ಭಾವ ಇಬ್ಬರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಸ್ಕ್ರಿಪ್ಟ್ ಮೊದಲು ಅವರಿಗೇ ಓದಿ ಹೇಳಿದ್ದೀನಿ.

ಅವಳು ನನ್ನ ದೊಡ್ಡಪ್ಪನ ಮಗಳು. ಯಲಬುರ್ಗಾ ತಾಲ್ಲೂಕಿಗೆ ಕೊಟ್ಟಿದ್ದು, ಅದೇ ಊರು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಎರಡನೇ ವರ್ಷದಿಂದ ಆ ಪ್ರಶ್ನೆ ಶುರುವಾಯ್ತು, ನಿಮಗೂ ಗೊತ್ತಿರೋ ಪ್ರಶ್ನೆ: "ಏನಾದ್ರೂ ವಿಶೇಷ?" ಮದುವೆ ಮನೆಯಲ್ಲಿ, ಸಂತೆಯಲ್ಲಿ, ವಿಡಿಯೋ ಕಾಲ್‌ನಲ್ಲಿ. ಸೀಮಂತಗಳಿಗೆ ಅವಳನ್ನ ಕರೆಯೋದು ನಿಲ್ಲಿಸಿದ್ರು. ಕರೆದರೂ ಆರತಿ ತಟ್ಟೆ ಅವಳ ಕೈಗೆ ಬರ್ತಿರಲಿಲ್ಲ. ಹುಣ್ಣಿಮೆಗೊಂದು ಗುಡಿ, ಅಮಾವಾಸ್ಯೆಗೊಂದು ಗುಡಿ. ಉಪವಾಸ ಅವಳದು, ಉರುಳು ಸೇವೆ ಅವಳದು, ಭಾವ ಗಾಡಿ ಓಡಿಸೋರು. ಆಸ್ಪತ್ರೆಗೂ ಹಾಗೇ. ಅವಳ ಫೈಲ್ ನಾನು ನೋಡಿದ್ದೀನಿ. ರಕ್ತ ಪರೀಕ್ಷೆ, ಸ್ಕ್ಯಾನ್, ಮತ್ತೆ ಸ್ಕ್ಯಾನ್, ಟ್ಯೂಬ್ ಪರೀಕ್ಷೆ, ಎಲ್ಲ ನಾರ್ಮಲ್. ಒಂದು ಕಡೆ ಇಷ್ಟು ಎಂಟ್ರಿ, ಇನ್ನೊಂದು ಕಡೆ ಪುಟವೇ ಖಾಲಿ ಇದ್ದರೆ ಯಾವ ಆಡಿಟರ್ ಕೂಡ ಆ ಲೆಕ್ಕ ಒಪ್ಪಲ್ಲ. ಭಾವನ ಒಂದು ಪರೀಕ್ಷೆಯೂ ಆಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬೇಕು ಅಂತಲೂ ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ.

ಆ ದಿನ ಬುಟ್ಟಿ ಅಕ್ಕನ ಮನೆ ಅಂಗಳಕ್ಕೂ ಬಂತು. ಅವರತ್ತೆ ಬೆಣ್ಣೆ ಕೊಟ್ಟು "ನೀನೇ ಹಚ್ಚು, ಬೇಡಿಕೋ" ಅಂದ್ರು. ಅಕ್ಕ ಹಚ್ಚಿದಳು. ಬುಟ್ಟಿ ಹೊತ್ತಾಕೆ ಅವಳ ಮುಖ ನೋಡಿ ಕೇಳಿದ್ರು, "ಮನೀ ಗಂಡಮಗಾ ಎಲ್ಲ್ಯದಾನ್ರೀ?" ಹೊಲಕ್ಕೆ ಹೋಗ್ಯಾನ ಅಂದ್ರು ಅತ್ತೆ. ಅದಕ್ಕೆ ಆಕೆ, ಯಾವ ಭಾಷಣವೂ ಇಲ್ಲದೆ, ಸೊಪ್ಪು ಮರಕ್ಕೆ ಹಾಕ್ತಾ ಹೇಳಿದ್ರು:

"ಯವ್ವಾ, ಇವ ಗಂಡ ದೇವ್ರು. ಇವನ ಮುಂದ ಬರೇ ಹೆಣ್ಮಕ್ಕಳನ್ನ ನಿಲ್ಲಿಸಿದ್ರ ಹೆಂಗ? ಹೊಲಾ ಎಷ್ಟ ಹಸನ ಮಾಡಿದ್ರೂ ಬೀಜ ನೋಡಬೇಕಲ್ರೀ."

ಯಾರೂ ಮಾತಾಡಲಿಲ್ಲ. ಅವರು ಬುಟ್ಟಿ ಎತ್ಕೊಂಡು ಮುಂದಿನ ಮನೆಗೆ ಹೋದ್ರು.

ನಮ್ಮ ಕಡೆ ರೈತರು ಬಿತ್ತೋಕ್ಕೆ ಮುಂಚೆ ಏನು ಮಾಡ್ತಾರೆ? ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡ್ತಾರೆ. ಕೆಲವು ದಿನ ಬಿಟ್ಟು ಬಿಚ್ಚಿ ನೋಡ್ತಾರೆ, ಎಷ್ಟು ಮೊಳಕೆ ಬಂದಿದೆ ಅಂತ. ಮೊಳಕೆ ಕಡಿಮೆ ಇದ್ರೆ ಬೀಜ ಬದಲಿಸ್ತಾರೆ, ಇಲ್ಲ ಉಪಚಾರ ಮಾಡ್ತಾರೆ. ಆ ವರ್ಷ ಹೊಲವನ್ನ ಬೈಯಲ್ಲ. ಹೊಲದ ವಿಷಯದಲ್ಲಿ ಇಷ್ಟು ಬುದ್ಧಿ ಇರೋ ಮನೆಯಲ್ಲೇ, ಸೊಸೆ ವಿಷಯದಲ್ಲಿ ಆರು ವರ್ಷ ಒಂದೇ ಕಡೆ ಅಗೀತಾರೆ.

2023ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ವರದಿ ಕೊಟ್ಟಿತು. ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ 17.5, ಅಂದ್ರೆ ಆರು ಜನರಲ್ಲಿ ಒಬ್ಬರು, ಬದುಕಿನ ಯಾವುದೋ ಒಂದು ಹಂತದಲ್ಲಿ ಈ ಸಮಸ್ಯೆ ಎದುರಿಸ್ತಾರೆ. ನಿಮ್ಮ ಕ್ಲಾಸಿನಲ್ಲಿ ಅರವತ್ತು ಜನ ಇದ್ದರೆ ಅದರಲ್ಲಿ ಹತ್ತು ಜನ. ಕಾರಣ ಹೆಣ್ಣಿನ ಕಡೆ ಇರಬಹುದು, ಗಂಡಿನ ಕಡೆ ಇರಬಹುದು, ಇಬ್ಬರಲ್ಲೂ ಇರಬಹುದು, ಕೆಲವೊಮ್ಮೆ ಕಾರಣವೇ ಸಿಗದಿರಬಹುದು. ಒಂದು ವರ್ಷ ಪ್ರಯತ್ನಿಸಿದ ಮೇಲೂ ಗರ್ಭ ನಿಲ್ಲದಿದ್ರೆ ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ರ ಹೋಗಬೇಕು. ಗಂಡಸಿನ ಮೊದಲ ಪರೀಕ್ಷೆ ವೀರ್ಯ ಪರೀಕ್ಷೆ. ಸೂಜಿ ಇಲ್ಲ, ಕೊಯ್ಯೋದಿಲ್ಲ. ಹೆಂಗಸರು ಮಾಡಿಸೋ ಪರೀಕ್ಷೆಗಳ ಮುಂದೆ ಖರ್ಚೂ ಕಡಿಮೆ, ನೋವಂತೂ ಇಲ್ಲವೇ ಇಲ್ಲ. ಆದ್ರೂ ಬಂಜೆ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಹೆಂಗಸಿನ ಮುಖವೇ.

ಭಾವ ಆ ರಾತ್ರಿ ಏನೂ ಹೇಳಲಿಲ್ಲವಂತೆ. ದಸರಾ ಕಳೆದ ಮೇಲೆ ಅವರೇ "ನಾನೂ ಬರ್ತೀನಿ" ಅಂದ್ರು. ಇಬ್ಬರೂ ಹೋದ್ರು. ರಿಪೋರ್ಟ್‌ನಲ್ಲಿ ಭಾವನ ಕೌಂಟ್ ಕಡಿಮೆ ಇತ್ತು. ಚಿಕಿತ್ಸೆ ನಡೀತಿದೆ. ಮಗು ಆಗಿದೆಯಾ ಅಂತ ಕೇಳಬೇಡಿ, ಆ ಪ್ರಶ್ನೆಯ ವಿರುದ್ಧವೇ ಈ ಎಪಿಸೋಡ್. ಆದ್ರೆ ಅವರತ್ತೆ ಈಗ ಸೊಸೆಗೆ ಉಪವಾಸ ಹೇಳಲ್ಲ. ಮತ್ತೆ, ಮೊನ್ನೆ ಒಂದು ಸೀಮಂತದಲ್ಲಿ ಆರತಿ ತಟ್ಟೆ ಅವಳ ಕೈಗೆ ಕೊಟ್ಟಿದ್ದು ಅವರೇ.

ಸ್ಕ್ರಿಪ್ಟ್ ಓದಿ ಹೇಳಿದಾಗ ಅಕ್ಕ ಒಂದು ತಕರಾರು ತೆಗೆದಳು. ಅದನ್ನ ಇಲ್ಲಿ ಹೇಳಲೇಬೇಕು. "ಹೊಲ ಬೀಜ ಅಂತ ಹೇಳ್ತಿ, ಛಲೋ ಐತಿ. ಆದ್ರ ನಾ ಹೊಲ ಅಲ್ಲ ನೋಡು. ಹೊಲಕ್ಕ ಬಾಯಿಲ್ಲ, ನನಗ ಐತಿ. ಆರು ವರ್ಷದಾಗ ಯಾರೂ ನನಗ ಕೇಳಲೇ ಇಲ್ಲ, ನಿನಗ ಏನ ಬೇಕು ಅಂತ."

ನಮ್ಮ ಒಬ್ಬ ದೊಡ್ಡ ಲೇಖಕರು ಇದೇ ಜಾಗಕ್ಕೆ ಕೈ ಹಾಕಿದ್ರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ, 1972ರದ್ದು. ಅದರಲ್ಲಿ ಒಬ್ಬ ಗೌಡ, ಅವನಿಗೆ ಮಕ್ಕಳಿಲ್ಲ. ಗೌಡ್ತಿ ಜೋಕುಮಾರನಿಗೆ ಪೂಜೆ ಮಾಡಿ, ಪಡವಲಕಾಯಿ ಪಲ್ಯ ಮಾಡಿ ಗಂಡನಿಗೆ ಉಣ್ಣಿಸಬೇಕು ಅಂತ ಹೊರಡ್ತಾಳೆ. ಉಣ್ಣೋದು ಮಾತ್ರ ಬೇರೆಯವನು, ಹೊಲದಲ್ಲಿ ದುಡಿಯೋ ಬಸಣ್ಣ. ಹೊಲವೂ ನನ್ನದು, ಹೆಂಡತಿಯೂ ನನ್ನವಳು ಅನ್ನೋ ಗೌಡನಿಗೆ ಎರಡನ್ನೂ ಫಲ ಬರೋ ಹಾಗೆ ಮಾಡೋ ಶಕ್ತಿ ಇಲ್ಲ. ಕಾಗದದ ಮೇಲೆ ಯಜಮಾನ ಆಗೋದು ಬೇರೆ, ಜೀವ ಬೆಳೆಸೋದು ಬೇರೆ. ಯೂಟ್ಯೂಬ್‌ನಲ್ಲಿ ಸಿಕ್ಕಿದ್ರೆ ನೋಡಿ. ನಿಮ್ಮ ಊರಲ್ಲಿ ರಂಗಾಸಕ್ತರಿದ್ರೆ ಆಡಿಸಿ.

ಇನ್ನು ಕೊನೆಗೆ ಅವನ ಸಾವು. ಜೋಕುಮಾರ ಸಂತ ಅಲ್ಲ. ಕಥೆ ಪ್ರಕಾರ ಅವನು ಹೆಣ್ಣುಮಕ್ಕಳ ಹಿಂದೆ ಬೀಳೋನು. ಮಡಿವಾಳರ ಹೆಣ್ಣಿನ ತಂಟೆಗೆ ಹೋಗ್ತಾನೆ, ಅವರ ಕೈಯಿಂದ ಸಾಯ್ತಾನೆ. ಹುಣ್ಣಿಮೆ ರಾತ್ರಿ ಕೆಲವು ಊರುಗಳಲ್ಲಿ ಬುಟ್ಟಿ ಸುತ್ತ ಮುಳ್ಳು ಇಟ್ಟು ಹೆಂಗಸರು ಹಾಡ್ತಾ ಸುತ್ತುತ್ತಾರೆ. ಯಾರದೋ ಸೀರೆ ಮುಳ್ಳಿಗೆ ಸಿಕ್ಕಿದ್ರೆ, ಸೀರೆ ಎಳೆದ ಅಂತ ಒನಕೆಯಿಂದ ಹೊಡೀತಾರೆ. ಆಮೇಲೆ ಮಡಿವಾಳರು ಕೆಲವು ದಿನ ಬಟ್ಟೆ ಒಗೆಯೋಕೆ ಹಳ್ಳಕ್ಕೆ ಹೋಗಲ್ಲ. ಮಳೆ ತರೋ ದೇವರೇ ಆಗಿರಲಿ, ಹೆಣ್ಣಿನ ಮೇಲೆ ಕೈ ಹಾಕಿದ್ರೆ ಊರು ಬಿಡಲ್ಲ ಅಂತ ನನಗೆ ಕೇಳಿಸ್ತು. ಅವನನ್ನ ಏಳು ದಿನ ಹೊತ್ತು ತಿರುಗಿದ ಹೆಂಗಸರೇ ಅವನಿಗಾಗಿ ಅಳ್ತಾರೆ ಅನ್ನೋದೂ ಅದರೊಳಗೇ ಇದೆ.

ಅವನು ಸತ್ತ ಹುಣ್ಣಿಮೆಯಿಂದ ಎಣಿಸಿ, ಮುಂದಿನ ಹುಣ್ಣಿಮೆ ಯಾವುದು? ಶೀಗಿ ಹುಣ್ಣಿಮೆ. ಆ ದಿನ ನಮ್ಮ ರೈತರು ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗ್ತಾರೆ, ಭೂಮ್ತಾಯಿ ಬಸಿರಿ ಅಂತ ಅವಳಿಗೆ ಬಯಕೆ ಊಟ ಬಡಿಸ್ತಾರೆ. ಒಂದು ತಿಂಗಳ ಹಿಂದೆ ಜೋಕುಮಾರ ಹೋದ, ಈಗ ಭೂಮಿಗೆ ಸೀಮಂತ. ಇಷ್ಟು ದೊಡ್ಡ ವಿಷಯವನ್ನ ಎರಡು ಹುಣ್ಣಿಮೆಯಲ್ಲಿ ಹೇಳಿ ಮುಗಿಸಿದ್ದಾರೆ ನಮ್ಮ ಹಿರಿಯರು.

ಈ ವರ್ಷ ಗಣಪ್ಪನನ್ನ ಕಳಿಸಿದ ಮೇಲೆ ಹಾಡಿನ ದನಿ ಕೇಳಿದ್ರೆ ಗೇಟು ತೆಗೀರಿ. ಬೆಂಗಳೂರಲ್ಲಿ, ಪುಣೆಯಲ್ಲಿ ಇರೋರು ಮನೆಗೆ ಫೋನ್ ಮಾಡಿ, ಬುಟ್ಟಿ ಬಂತಾ ಅಂತ ಕೇಳಿ. ಮರದ ತುಂಬ ಕಾಳು ಹಾಕಿ, ಮುಷ್ಟಿ ಬಿಗಿ ಹಿಡೀಬೇಡಿ. ಅವರಿಗೆ ಅದು ಭಿಕ್ಷೆ ಅಲ್ಲ, ಏಳು ದಿನದ ಕೆಲಸದ ಕೂಲಿ. ಹಾಡು ರೆಕಾರ್ಡ್ ಮಾಡೋದಾದ್ರೆ ಮೊದಲು ಕೇಳಿ, ಆಮೇಲೆ ಮಾಡಿ. ಮನೆಯಲ್ಲಿ ಮಗುವಿಗಾಗಿ ಕಾಯ್ತಿರೋರು ಇದ್ರೆ ಬೆಣ್ಣೆ ಹಚ್ಚೋಕೆ ಇಬ್ಬರನ್ನೂ ಕರೀರಿ, ಡಾಕ್ಟರ್ ಹತ್ರಕ್ಕೂ ಇಬ್ಬರನ್ನೂ ಕಳಿಸಿ. ಮಗು ಬೇಡ ಅಂದುಕೊಂಡಿರೋರು ಇದ್ರೆ ಅವರಿಗೆ ಬರೀ ಬೇವಿನ ಸೊಪ್ಪು ಕೊಡಿ, ಪ್ರಶ್ನೆ ಬೇಡ.

ನಿಮ್ಮೂರಲ್ಲಿ ಜೋಕುಮಾರ ಯಾರ ಮನೆಯಲ್ಲಿ ಹುಟ್ತಾನೆ, ಯಾವ ಕೇರಿಯಲ್ಲಿ ಸಾಯ್ತಾನೆ ಅಂತ ವಾಯ್ಸ್ ನೋಟ್ ಕಳಿಸಿ. ಒಂದೊಂದು ಊರಿಗೂ ಒಂದೊಂದು ರೀತಿ ಇದೆ, ಒಳ್ಳೆಯವನ್ನ ಮುಂದಿನ ವಾರ ಕೇಳಿಸ್ತೀನಿ. ಅಲ್ಲಿವರೆಗೆ ಮಳೆ ಚೆನ್ನಾಗಿ ಆಗಲಿ. ಬರ್ತೀನಿ, ನಮಸ್ಕಾರ.